ಕಡಲಾಚೆಯ ಗಿಟಾರು, ಕಡಲೀಚೆಯ ಕಿವಿ

ಕುಂದಾಪುರದಂಥ ಊರಿನಲ್ಲಿ ಒಬ್ಬರು ತಮ್ಮ ಆಯುಷ್ಯವಿಡೀ ಇಂಗ್ಲೆಂಡಿನ ರಾಕ್ ಸಂಗೀತವನ್ನು ಪ್ರೀತಿಸುತ್ತ ಬಂದಿದ್ದಾರೆಂದು ಹೇಳಿದರೆ, ಕೇಳಿದವರು ಎರಡು ಮಾತುಗಳಲ್ಲಿ ಒಂದನ್ನು ಆಡುವುದು ವಾಡಿಕೆ. “ಅದೆಂಥ ಸಂಗೀತ ಮಾರಾಯ್ರೆ, ಬರೀ ಗೌಜಿ” ಎಂಬುದು ಒಂದು. “ಬ್ರಿಟಿಷರು ಹೋದರೂ ಅವರ ಗುಂಗು ಬಿಡಲಿಲ್ಲ ನೋಡಿ” ಎಂಬುದು ಇನ್ನೊಂದು. ಎರಡೂ ಮಾತುಗಳಲ್ಲಿ ತಿರಸ್ಕಾರಕ್ಕಿಂತ ಆಶ್ಚರ್ಯವೇ ಹೆಚ್ಚು. ಆದರೆ ಆಶ್ಚರ್ಯಪಟ್ಟು, ಕಾಫಿ ಮುಗಿಸಿ ಎದ್ದುಬಿಟ್ಟರೆ ಒಂದು ಒಳ್ಳೆಯ ಪ್ರಶ್ನೆ ವಿಚಾರಣೆಯಿಲ್ಲದೆ ಉಳಿದುಹೋಗುತ್ತದೆ. ದೂರದೇಶದ ಕಲೆಯೊಂದನ್ನು ಬಾಳಿನುದ್ದಕ್ಕೂ ಪ್ರೀತಿಸಿದವನಿಗೆ ಆ ಪ್ರೀತಿಯಿಂದ ಏನು ದಕ್ಕಬೇಕು? ಅವನ ಊರಿಗೆ ಏನು ದಕ್ಕಬೇಕು? ಈ ಲೇಖನದ ವಿಷಯ ಇಷ್ಟೆ.

ಮೊದಲು ಈ ಪ್ರೀತಿ ನಮ್ಮ ಕರಾವಳಿಗೆ ಬಂದ ದಾರಿಯನ್ನು ನೋಡೋಣ. ಹೊಟ್ಟೆಪಾಡಿಗಾಗಿ ಊರು ಬಿಡುವುದು ಕುಂದಾಪುರದ ಕಡೆಯವರಿಗೆ ಹೊಸತಲ್ಲ. ಮುಂಬಯಿಯ ಹೋಟೆಲುಗಳಲ್ಲಿ ದುಡಿದವರಿದ್ದಾರೆ. ಬ್ಯಾಂಕಿನ ನೌಕರಿಯಲ್ಲಿ ಊರೂರು ಸುತ್ತಿದವರಿದ್ದಾರೆ. 1970ರ ದಶಕದಿಂದೀಚೆಗೆ ಕೊಲ್ಲಿ ದೇಶಗಳಿಗೆ ಹೋದವರಿದ್ದಾರೆ. ರಜೆಯಲ್ಲಿ ಮನೆಗೆ ಬರುವಾಗ ಇವರು ತಂದ ಸಾಮಾನುಗಳಲ್ಲಿ ಟೂ-ಇನ್-ಒನ್ ಎಂಬ ಹಾಡುವ ಪೆಟ್ಟಿಗೆಗೆ ವಿಶೇಷ ಮರ್ಯಾದೆ ಇತ್ತು. ಅದರ ಜೊತೆಗೆ ಕೆಲವು ಇಂಗ್ಲಿಷ್ ಕ್ಯಾಸೆಟ್ಟುಗಳೂ ಬಂದವು. 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ತೆರೆದು, ನಾನಾ ಪ್ರಾಂತಗಳ ಹುಡುಗರು ಬಂದು ಸೇರತೊಡಗಿದ್ದರು. 1963ರಲ್ಲಿ ಕುಂದಾಪುರದಲ್ಲೇ ಭಂಡಾರ್ಕಾರ್ಸ್ ಕಾಲೇಜು ಆರಂಭವಾಯಿತು. ಬೀಟಲ್ಸ್ ತಂಡದ ಮೊದಲ ದೀರ್ಘ ಧ್ವನಿಮುದ್ರಿಕೆ ಹೊರಬಂದದ್ದೂ ಅದೇ ವರ್ಷ. ಇವೆರಡಕ್ಕೂ ಪರಸ್ಪರ ಸಂಬಂಧವಿಲ್ಲ, ನಿಜ. ಆದರೆ ಕಾಲೇಜಿನ ಮೊದಲ ತಲೆಮಾರಿನ ಕಿವಿಗಳು ತೆರೆಯುತ್ತಿದ್ದ ಹೊತ್ತಿಗೇ ಆ ಸಂಗೀತವೂ ಕಣ್ಣು ಬಿಡುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ. ಮುಂದೆ 2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್, 2007ರ ಮಾರ್ಚ್ 17ರಂದು ಐರನ್ ಮೇಡನ್, ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ಹಾಡಿದವು. ಅಷ್ಟರಲ್ಲಿ ಮೊದಲ ರಸಿಕರಿಗೆ ತಲೆ ನೆರೆತಿತ್ತು. ಪ್ರೀತಿ ಮಾತ್ರ ಹಾಗೇ ಇತ್ತು.

ಇನ್ನು ‘ಗೌಜಿ’ ಎಂಬ ಆಕ್ಷೇಪಣೆ. ಇದನ್ನು ಬೇರೆ ಯಾರಾದರೂ ಎತ್ತಲಿ, ಬಡಗುತಿಟ್ಟಿನ ಸೀಮೆಯವರು ಎತ್ತಬಾರದು. ಬಯಲಿನಲ್ಲಿ ರಂಗಸ್ಥಳ ಹೂಡಿ, ರಾತ್ರಿಯಿಡೀ ಚೆಂಡೆ ಬಾರಿಸಿ, ಅದರ ಸದ್ದು ಮೂರು ಊರುಗಳಾಚೆ ಕೇಳಿಸಿದರೆ ಆಟ ಕಳೆಕಟ್ಟಿತೆಂದು ಸಂತೋಷಪಡುವವರು ನಾವು. ಒಬ್ಬ ಭಾಗವತ, ಒಂದು ಮದ್ದಳೆ, ಒಂದು ಚೆಂಡೆ, ಎಡೆಬಿಡದ ಶ್ರುತಿ: ನಮ್ಮ ಹಿಮ್ಮೇಳವೆಂದರೆ ನಾಲ್ಕಾರು ಜನ ಸೇರಿ ಸಾವಿರಾರು ಜನರನ್ನು ಎಚ್ಚರವಾಗಿಡುವ ಉಪಾಯ. ಇಂಗ್ಲೆಂಡಿನ ರಾಕ್ ತಂಡದ ಲೆಕ್ಕಾಚಾರವೂ ಬಹುಮಟ್ಟಿಗೆ ಇದೇ. ಡೀಪ್ ಪರ್ಪಲ್ ತಂಡದ ಇಯಾನ್ ಗಿಲ್ಲನ್ 1970ರ ಒಂದು ಹಾಡಿನಲ್ಲಿ ಧ್ವನಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ, ಮಾತು ಮುಗಿದ ಮೇಲೂ ಏರಿಸುತ್ತ, ಕೊನೆಗೆ ಬರಿಯ ಕೂಗಾಗಿಸುತ್ತಾರೆ. ಅದನ್ನು ಕೇಳಿ ಬೆಚ್ಚುವವರು ಗುಂಡ್ಮಿ ಕಾಳಿಂಗ ನಾವಡರನ್ನು ಒಮ್ಮೆ ನೆನೆಸಿಕೊಳ್ಳಲಿ. ಸಾಲಿಗ್ರಾಮ ಮೇಳದ ಭಾಗವತರಾಗಿದ್ದ ನಾವಡರು 1958ರಲ್ಲಿ ಹುಟ್ಟಿ 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ಏರುಶ್ರುತಿಯ ಪದ್ಯಕ್ಕಾಗಿಯೇ ಜನ ಮೈದಾನ ತುಂಬುತ್ತಿದ್ದರು. ವೇಷಧಾರಿಯನ್ನು ನೋಡಲು ಬರುವ ಆಟಕ್ಕೆ ಹಾಡುಗಾರನನ್ನು ಕೇಳಲೆಂದು ಬರತೊಡಗಿದ್ದು ಸಣ್ಣ ಮಾತಲ್ಲ. ಕೊಲ್ಲಿಯಿಂದ ಬಂದ ಪೆಟ್ಟಿಗೆಗಳಲ್ಲಿ ಅವರ ಕ್ಯಾಸೆಟ್ಟುಗಳು ಸವೆದುಹೋಗುವ ತನಕ ತಿರುಗಿದವು. ಗಿಲ್ಲನ್ನರ ಕ್ಯಾಸೆಟ್ಟು ತಿರುಗಿದ್ದೂ ಅದೇ ಪೆಟ್ಟಿಗೆಗಳಲ್ಲಿ. ಪೆಟ್ಟಿಗೆಗೆ ಎರಡರಲ್ಲಿ ಯಾವುದೂ ಪರಕೀಯವೆನಿಸಲಿಲ್ಲ.

ಗೌಜಿಯ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ವಿದ್ಯುತ್ ಗಿಟಾರಿನ ಕರ್ಕಶ ನಾದವು ಯಂತ್ರದ ದೋಷವಲ್ಲ, ಬೇಕೆಂದೇ ಪಡೆದ ಗುಣ. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಎಂಬ ಹದಿಹರೆಯದ ಹುಡುಗ ತನ್ನ ಧ್ವನಿವರ್ಧಕದ ಒಳಗಿನ ಕಾಗದದ ಬುರುಡೆಯನ್ನು ಕ್ಷೌರದ ಬ್ಲೇಡಿನಿಂದ ಸೀಳಿದ. ಸೀಳಿದ ಕಾಗದ ಅದುರಿದಾಗ ಹೊರಟ ಒರಟು ದನಿ ಒಂದು ಹಾಡಿನ ಮೂಲಕ ಊರೆಲ್ಲ ಹಬ್ಬಿತು. ಇದನ್ನು ಹುಚ್ಚಾಟವೆಂದು ನಗುವ ಮೊದಲು ನಮ್ಮ ತಂಬೂರಿಯನ್ನು ನೋಡಬೇಕು. ಕುದುರೆಯ ಮೇಲೆ ತಂತಿಯ ಅಡಿಗೆ ನೂಲಿನ ಎಳೆಯೊಂದನ್ನು ತೂರಿಸಿ, ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ, ತಂತಿ ಝೇಂಕರಿಸುವಂತೆ ಮಾಡುತ್ತೇವೆ. ಅದಕ್ಕೆ ಜೀವಾಳಿ ಎಂದು ಹೆಸರು. ಶುದ್ಧ ನಾದಕ್ಕೆ ಅಷ್ಟು ಅಶುದ್ಧಿ ಬೆರೆಸಿದರೆ ಮಾತ್ರ ಅದಕ್ಕೆ ಜೀವ ಬರುತ್ತದೆಂಬುದು ನಮ್ಮ ಹಿರಿಯರು ಬಲ್ಲ ಮಾತು. ಡೇವಿಸ್ ಹುಡುಗನ ಬ್ಲೇಡಿಗೂ ನಮ್ಮ ನೂಲೆಳೆಗೂ ನಯದಲ್ಲಿ ಅಜಗಜಾಂತರವಿರಬಹುದು, ಉದ್ದೇಶದಲ್ಲಿ ಇಲ್ಲ.

ಗೌಜಿಯ ಹಿಂದಿನ ನೋವನ್ನೂ ಕೇಳಬೇಕು. ಬರ್ಮಿಂಗ್‌ಹ್ಯಾಮಿನ ಟೋನಿ ಅಯೋಮಿ ತಗಡಿನ ಕಾರ್ಖಾನೆಯಲ್ಲಿ ಕೂಲಿಯಾಗಿದ್ದಾಗ, 1965ರಲ್ಲಿ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡರು. ಎಡಗೈಯಲ್ಲಿ ಮೀಟಿ ಬಲಗೈಯಲ್ಲಿ ತಂತಿ ಒತ್ತುವ ಅವರಿಗೆ ಅದು ವಾದನದ ಕೈ. ಅವರು ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳುಗಳಿಗೆ ಟೊಪ್ಪಿಗೆ ಮಾಡಿಕೊಂಡರು. ನೋವು ಕಡಿಮೆಯಾಗಲೆಂದು ತೆಳು ತಂತಿಗಳನ್ನು ಕಟ್ಟಿದರು. ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೂ ಇಳಿಸಿದರು. 1970ರ ಫೆಬ್ರವರಿಯಲ್ಲಿ ಹೊರಬಂದ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಮುದ್ರಿಕೆಯ ಭಾರವಾದ ನಾದ ಇಂಥ ಗಾಯದ ಕೈಯಿಂದ ಬಂದದ್ದು. ಕೋಟದ ಶಿವರಾಮ ಕಾರಂತರು ‘ಚೋಮನ ದುಡಿ’ಯನ್ನು 1933ರಲ್ಲೇ ಬರೆದರು. ತನ್ನ ದುಃಖಕ್ಕೆ ಮಾತು ಸಾಲದಾದಾಗ ಚೋಮ ದುಡಿಯನ್ನು ಕೈಗೆತ್ತಿಕೊಳ್ಳುತ್ತಾನೆ. ದುಡಿಯುವವನ ಸಂಕಟ ಬಡಿತವಾಗಿ ಹೊರಬೀಳುವುದನ್ನು ಆ ಪುಸ್ತಕದಿಂದ ಕಲಿತ ಕನ್ನಡಿಗನಿಗೆ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯ ಹುಡುಗರ ಸದ್ದು ಅರ್ಥವಾಗದೆ ಇರಲು ಕಾರಣವಿಲ್ಲ.

ಎರಡನೆಯ ಆಕ್ಷೇಪಣೆ ಹೆಚ್ಚು ಗಂಭೀರವಾದದ್ದು. ಆಳಿದವರ ಸಂಗೀತವನ್ನು ಆಳಿಸಿಕೊಂಡವರು ತಲೆಯ ಮೇಲಿಟ್ಟು ಮೆರೆಸುವುದು ದಾಸ್ಯವಲ್ಲವೆ ಎಂಬ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಅದಕ್ಕೆ ಉತ್ತರ ಆ ಸಂಗೀತದ ಜನ್ಮವೃತ್ತಾಂತದಲ್ಲೇ ಇದೆ. 1961ರ ಅಕ್ಟೋಬರಿನಲ್ಲಿ ಲಂಡನ್ನಿನ ಸಮೀಪದ ಡಾರ್ಟ್‌ಫರ್ಡ್ ರೈಲುನಿಲ್ದಾಣದಲ್ಲಿ ಕೀತ್ ರಿಚರ್ಡ್ಸ್ ಎಂಬ ಹುಡುಗನ ಕಣ್ಣಿಗೆ ಬಾಲ್ಯದ ಪರಿಚಯದ ಮಿಕ್ ಜಾಗರ್ ಬಿದ್ದ. ಜಾಗರನ ಕಂಕುಳಲ್ಲಿ ಚಕ್ ಬೆರಿ, ಮಡ್ಡಿ ವಾಟರ್ಸ್ ಎಂಬ ಅಮೆರಿಕದ ಕಪ್ಪು ಜನರ ಮುದ್ರಿಕೆಗಳಿದ್ದವು. ಆ ಮುದ್ರಿಕೆಗಳ ಮಾತಿನಿಂದ ಸ್ನೇಹ ಬೆಳೆಯಿತು. 1962ರ ಜುಲೈ 12ರಂದು ರೋಲಿಂಗ್ ಸ್ಟೋನ್ಸ್ ಎಂಬ ಹೆಸರಿನಲ್ಲಿ ತಂಡ ಮೊದಲ ಬಾರಿ ಹಾಡಿತು. ಆ ಹೆಸರು ಕೂಡ ಮಡ್ಡಿ ವಾಟರ್ಸರ ಒಂದು ಹಾಡಿನಿಂದ ಎತ್ತಿಕೊಂಡದ್ದು. ಎಂದರೆ ಬ್ರಿಟಿಷ್ ರಾಕ್ ಎಂಬುದೇ ಮೂಲತಃ ಕಡಲಾಚೆಯ ಸಂಗೀತದ ಮೇಲಿನ ಮೋಹ. ಗುಲಾಮರ ಮಕ್ಕಳು ಮೊಮ್ಮಕ್ಕಳು ಅಮೆರಿಕದ ಹತ್ತಿಯ ಹೊಲಗಳಿಂದ ಷಿಕಾಗೋದಂಥ ನಗರಗಳಿಗೆ ಹೊತ್ತು ತಂದ ಹಾಡನ್ನು ಇಂಗ್ಲೆಂಡಿನ ಮಧ್ಯಮವರ್ಗದ ಹುಡುಗರು ಅಂಚೆಯಲ್ಲಿ ತರಿಸಿಕೊಂಡು ಕಲಿತರು. ಕುಂದಾಪುರದ ಹುಡುಗ ಕ್ಯಾಸೆಟ್ಟಿನಿಂದ ಕಲಿತಂತೆಯೇ. ಆ ಸಂಗೀತದಲ್ಲಿ ದಾಸ್ಯದ ನೆನಪಿದ್ದರೆ, ಅದು ಆಳಿದವರ ನೆನಪಲ್ಲ, ಆಳಿಸಿಕೊಂಡವರದ್ದೇ.

ಆದರೆ ಆ ಇಂಗ್ಲಿಷ್ ಹುಡುಗರು ಕಲಿತದ್ದನ್ನು ಒಪ್ಪಿಸುತ್ತ ಕೂರಲಿಲ್ಲ. ಮೊದಮೊದಲು ಅಮೆರಿಕದವರ ಉಚ್ಚಾರಣೆಯನ್ನೂ ಅನುಕರಿಸಿ ಹಾಡಿದವರು ನಾಲ್ಕೈದು ವರ್ಷಗಳಲ್ಲಿ ತಮ್ಮ ಓಣಿಗೆ ಹಿಂದಿರುಗಿದರು. ಬೀಟಲ್ಸ್ 1966ರಲ್ಲಿ ಒಬ್ಬಂಟಿ ಹೆಂಗಸೊಬ್ಬಳ ಮೇಲೆ ಹಾಡು ಕಟ್ಟಿದರು. 1967ರ ಫೆಬ್ರವರಿಯಲ್ಲಿ ತಾವು ಹುಟ್ಟಿದ ಲಿವರ್‌ಪೂಲಿನ ಪೆನಿ ಲೇನ್ ಎಂಬ ಬೀದಿಯನ್ನೇ ಹಾಡಾಗಿಸಿದರು. ಕ್ಷೌರದಂಗಡಿ, ಬ್ಯಾಂಕಿನವನು, ಅಗ್ನಿಶಾಮಕದವನು, ಬಸ್ಸು ತಿರುಗುವ ವೃತ್ತ, ಇಷ್ಟೇ ಅದರ ವಸ್ತು. ಕಿಂಕ್ಸ್ ತಂಡದ ರೇ ಡೇವಿಸ್ 1968ರಲ್ಲಿ ಹಳೆಯ ಹಳ್ಳಿ, ಹಳೆಯ ಗೆಳೆಯ, ಹಳೆಯ ಭಾವಚಿತ್ರಗಳ ಬಗೆಗೆ ಒಂದು ಮುದ್ರಿಕೆಯನ್ನೇ ಮಾಡಿದರು. ಅದು ಆಗ ಹೆಚ್ಚು ಮಾರಾಟವಾಗಲಿಲ್ಲ. ಈಗ ಆ ಕಾಲದ ಉತ್ತಮ ಕೃತಿಗಳಲ್ಲಿ ಅದನ್ನು ಎಣಿಸುತ್ತಾರೆ. ಗಿಟಾರು ಅಮೆರಿಕದ್ದು, ಬೀದಿ ತಮ್ಮದು. ಪ್ರೀತಿ ಪ್ರೌಢವಾದದ್ದು ಅಲ್ಲಿ.

ಈ ರೇ ಡೇವಿಸರ ಇನ್ನೊಂದು ಸಂಗತಿ ನಮಗೆ ತೀರ ಹತ್ತಿರದ್ದು. 1965ರ ಜನವರಿಯಲ್ಲಿ ಆಸ್ಟ್ರೇಲಿಯಕ್ಕೆ ಹೋಗುವ ದಾರಿಯಲ್ಲಿ ಕಿಂಕ್ಸ್ ತಂಡ ಮುಂಬಯಿಯಲ್ಲಿ ತಂಗಿತು. ನಸುಕಿನಲ್ಲಿ ಎಚ್ಚರವಾದ ಡೇವಿಸ್, ಕಡಲಿಗೆ ಕೆಲಸಕ್ಕೆ ಹೊರಟ ಮೀನುಗಾರರು ದನಿಗೂಡಿಸಿ ಹಾಡಿಕೊಂಡು ಹೋಗುವುದನ್ನು ಕೇಳಿದರು. ಆ ದನಿ ಕಿವಿಯಲ್ಲಿ ಉಳಿಯಿತು. ಅದೇ ವರ್ಷದ ಜುಲೈಯಲ್ಲಿ ‘ಸೀ ಮೈ ಫ್ರೆಂಡ್ಸ್’ ಎಂಬ ಹಾಡಾಗಿ ಹೊರಬಂತು. ಒಂದೇ ಶ್ರುತಿ ಕೆಳಗೆ ಎಡೆಬಿಡದೆ ಮೊರೆಯುತ್ತ, ಮೇಲೆ ಧ್ವನಿ ಎಳೆದೆಳೆದು ಸಾಗುವ ರಚನೆ ಅದು. ಇಂಗ್ಲೆಂಡಿನ ರಾಕ್ ಸಂಗೀತಕ್ಕೆ ಭಾರತದ ಗಾಳಿ ತಾಗಿದ ಮೊದಲ ಹಾಡುಗಳಲ್ಲಿ ಇದೊಂದು. ಜಾರ್ಜ್ ಹ್ಯಾರಿಸನ್ನರ ಸಿತಾರು ಬೀಟಲ್ಸರ ಮುದ್ರಿಕೆಯಲ್ಲಿ ಕೇಳಿಸಿದ್ದು ಆ ವರ್ಷದ ಡಿಸೆಂಬರಿನಲ್ಲಿ. ಅವರು ರವಿಶಂಕರರ ಬಳಿ ಕಲಿತದ್ದೂ, 1968ರ ಜನವರಿಯಲ್ಲಿ ಮುಂಬಯಿಯ ಸ್ಟುಡಿಯೋದಲ್ಲಿ ನಮ್ಮ ವಾದಕರನ್ನು ಕೂರಿಸಿಕೊಂಡು ಧ್ವನಿಮುದ್ರಿಸಿದ್ದೂ ಆಮೇಲಿನ ಕಥೆ. ಹ್ಯಾರಿಸನ್ ಹುಡುಕಿಕೊಂಡು ಬಂದದ್ದು ಪಂಡಿತರ ಸಂಗೀತವನ್ನು. ಅದಕ್ಕೂ ಮೊದಲು ಇಂಗ್ಲಿಷ್ ಗಿಟಾರಿಗೆ ದಾರಿ ತೋರಿಸಿದ್ದು ಅರಬ್ಬೀ ಸಮುದ್ರದ ಬೆಸ್ತರ ದನಿ. ಮುಂಬಯಿಯ ಆ ಕಡಲೂ ಗಂಗೊಳ್ಳಿಯ ಕಡಲೂ ಬೇರೆಯಲ್ಲ.

ಹಾಗಾದರೆ ನಮ್ಮವರು ತಮ್ಮ ಪ್ರೀತಿಯಿಂದ ಏನು ಮಾಡಿದರು? ಎರವಲು ಪಡೆಯುವುದರಲ್ಲಿ ನಮಗೆ ಸಂಕೋಚವೇನೂ ಇಲ್ಲ. ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಿಗೆ ಪಿಟೀಲನ್ನೂ ಸ್ಯಾಕ್ಸೋಫೋನನ್ನೂ ತಂದರು. ಸಂಪ್ರದಾಯಸ್ಥರು ಮುಖ ಸಿಂಡರಿಸಿದರು. ಕಾರಂತರು ಅದನ್ನು ಲೆಕ್ಕಿಸಲಿಲ್ಲ. ಬಂಟ್ವಾಳದ ಸಜೀಪದ ಕಡೆಯಿಂದ ಬಂದ ಕದ್ರಿ ಗೋಪಾಲನಾಥರು ಅದೇ ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿ 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರೊಮನೇಡ್ ಕಚೇರಿಗೆ ಹೋದರು. ಮೈಸೂರಿನ ರಘು ದೀಕ್ಷಿತರು ಶಿಶುನಾಳ ಷರೀಫರ ತತ್ವಪದಗಳಿಗೆ ರಾಕ್ ತಂಡದ ಗಿಟಾರನ್ನು ಕಟ್ಟಿ, 2010ರಲ್ಲಿ ಬಿ.ಬಿ.ಸಿ. ದೂರದರ್ಶನದ ವೇದಿಕೆಯಲ್ಲಿ ಕಾಣಿಸಿಕೊಂಡರು. ಇವೆಲ್ಲ ಅಭಿಮಾನಪಡಬೇಕಾದ ಸಂಗತಿಗಳೇ.

ಕುಂದಾಪುರದ ಪಾಲಿಗೆ ಬಂದದ್ದು ಸಿನಿಮಾ. ಹಿಂದೊಮ್ಮೆ ಅಕ್ಕಿ ತುಂಬಿದ ಹಡಗುಗಳು ಹೊರಡುತ್ತಿದ್ದ ಬಸ್ರೂರಿನಿಂದ ಬಂದ ರವಿ ಬಸ್ರೂರರು ‘ಕೆ.ಜಿ.ಎಫ್.’ ಚಿತ್ರಗಳಿಗೆ (2018, 2022) ಕೊಟ್ಟ ಸಂಗೀತದಲ್ಲಿ ವಿದ್ಯುತ್ ಗಿಟಾರಿನ ಗರ್ಜನೆ ದೇಶದ ಉದ್ದಗಲಕ್ಕೂ ಕೇಳಿಸಿತು. ಕೆರಾಡಿಯ ರಿಷಬ್ ಶೆಟ್ಟರ ‘ಕಾಂತಾರ’ (2022) ಚಿತ್ರದಲ್ಲಿ ಅಜನೀಶ್ ಲೋಕನಾಥರು ದೈವಾವೇಶದ ಹಾಡಿಗೆ ಶಾಸ್ತ್ರೀಯ ಗಾಯನದೊಡನೆ ಅದೇ ಗಿಟಾರಿನ ಭಾರವನ್ನು ಹೇರಿದರು. ಎರಡೂ ಜನಪ್ರಿಯವಾದವು, ತಂತ್ರದ ದೃಷ್ಟಿಯಿಂದ ಎರಡೂ ಸಮರ್ಥ ಕೃತಿಗಳು. ಆದರೆ ವಿಮರ್ಶಕನಿಗೆ ಇಲ್ಲೊಂದು ಅತೃಪ್ತಿ ಉಳಿಯುತ್ತದೆ. ಈ ಹಾಡುಗಳಲ್ಲಿ ಗಿಟಾರು ಮಾಡುವ ಕೆಲಸ ಯಾವುದು? ವೀರನ ರಟ್ಟೆಯನ್ನು ಇನ್ನಷ್ಟು ದಪ್ಪವಾಗಿ ತೋರಿಸುವುದು. ದೈವದ ಭಯವನ್ನು ಇನ್ನಷ್ಟು ಭಯವಾಗಿಸುವುದು. ಅಬ್ಬರಕ್ಕೆ ಅಬ್ಬರ ಸೇರಿಸುವುದು. ಬ್ರಿಟಿಷ್ ರಾಕಿನ ಒಂದು ಮುಖ ಅಬ್ಬರ ನಿಜ. ಅದರ ಇನ್ನೊಂದು ಮುಖವಾದ ಓಣಿ, ಒಬ್ಬಂಟಿ ಹೆಂಗಸು, ಬಸ್ಸು ತಿರುಗುವ ವೃತ್ತ, ಇವು ನಮ್ಮ ಕಡೆಗೆ ಹಡಗು ಹತ್ತಲೇ ಇಲ್ಲ. ಸದ್ದನ್ನು ತರಿಸಿಕೊಂಡೆವು, ಸಾಹಿತ್ಯವನ್ನು ಬಂದರಿನಲ್ಲೇ ಬಿಟ್ಟೆವು.

ಇದಕ್ಕೆ ವಸ್ತುವಿನ ಬಡತನ ಕಾರಣವೆನ್ನುವಂತಿಲ್ಲ. ಕುಂದಾಪುರದಲ್ಲಿ ಹುಟ್ಟಿದ ವೈದೇಹಿಯವರು ಈ ಊರಿನ ಅಡಿಗೆಮನೆ, ಹಿತ್ತಿಲು, ಜಗುಲಿಗಳಲ್ಲಿ ಕೇಳಿದ ಹೆಂಗಸರ ಮಾತನ್ನು ಅದರದೇ ಲಯದಲ್ಲಿ ಕಥೆಗಳಾಗಿಸಿ, 2009ರ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಪಡೆದಿದ್ದಾರೆ. ರೇ ಡೇವಿಸ್ ಲಂಡನ್ನಿಗೆ ಮಾಡಿದ್ದನ್ನು ಇವರು ಲೇಖನಿಯಿಂದ ಕುಂದಾಪುರಕ್ಕೆ ಮಾಡಿದ್ದಾರೆಂದು ಹೇಳಿದರೆ ಅತಿಶಯವಾಗಲಾರದು. ಕುಂದಗನ್ನಡವೆಂಬ ಮೊಟಕು ಮಾತಿನ, ಕೊನೆಯಕ್ಷರ ನುಂಗುವ, ತಾಳಕ್ಕೆ ತಾನಾಗಿ ಕೂರುವ ಭಾಷೆಯಿದೆ. ಮಳೆಗಾಲದಲ್ಲಿ ಮರವಂತೆಯ ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಮುಂಬಯಿಗೆ ಹೋದ ಮಗ, ಬಾಗಿಲು ಹಾಕಿದ ದೊಡ್ಡ ಮನೆ, ಅದರ ಜಗುಲಿಯಲ್ಲಿ ಒಬ್ಬಳೇ ಕುಳಿತ ಅಜ್ಜಿ. ಇವೆಲ್ಲ ಗಿಟಾರಿಗೆ ಒಗ್ಗದ ವಸ್ತುಗಳೆಂದು ಹೇಳುವ ಧೈರ್ಯ ಲಿವರ್‌ಪೂಲಿನ ಹಾಡುಗಳನ್ನು ಬಲ್ಲ ಯಾರಿಗೂ ಬರಲಾರದು.

ಬಾಳಿನುದ್ದಕ್ಕೂ ಕೇಳಿದ ರಸಿಕರೆಲ್ಲ ಹಾಡು ಕಟ್ಟಬೇಕೆಂದು ಯಾರೂ ಒತ್ತಾಯಿಸಲಾರರು. ರಸಿಕನ ಕೆಲಸ ಕೇಳುವುದು. ಆದರೆ ಕೇಳುವುದಕ್ಕೂ ಒಂದು ಹೊಣೆಯುಂಟು. ನಮ್ಮ ಕಡಲತೀರದಲ್ಲಿ ರಂಪಣಿ ಎಂಬ ಬಲೆಯಿತ್ತು. ದೋಣಿಯಲ್ಲಿ ಹೋಗಿ ಕಡಲಿಗೆ ಕಮಾನಿನಂತೆ ಬಲೆ ಬಿಟ್ಟು, ದಡದಲ್ಲಿ ಎರಡು ಸಾಲಾಗಿ ಹತ್ತಾರು ಜನ ನಿಂತು, ಗಂಟೆಗಟ್ಟಲೆ ಎಳೆಯುವ ಬಲೆ ಅದು. ಅಷ್ಟು ಜನರ ಕೈ ಒಂದೇ ಕ್ಷಣದಲ್ಲಿ ಜಗ್ಗಬೇಕಾದರೆ ದನಿಯ ಹೊರತು ಬೇರೆ ಉಪಾಯವಿಲ್ಲ. ಒಬ್ಬ ಕೂಗುವನು, ಉಳಿದವರು ಓಗೊಡುವರು. 1970ರ ದಶಕದ ಉತ್ತರಾರ್ಧದಲ್ಲಿ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಬಂದ ಮೇಲೆ ರಂಪಣಿ ಹಿಂದೆ ಸರಿಯಿತು, ಅದರ ಓಗೊಡುವ ದನಿಯೂ ಕುಗ್ಗಿತು. ಇಂಗ್ಲಿಷ್ ಕ್ಯಾಸೆಟ್ಟುಗಳು ನಮ್ಮ ಮನೆಗಳಿಗೆ ಬಂದ ಕಾಲವೂ ಸರಿಸುಮಾರು ಅದೇ. ಹೊಟೇಲಿನ ಕೋಣೆಯಲ್ಲಿ ಒಂದೇ ಒಂದು ನಸುಕು ಕೇಳಿ ಲಂಡನ್ನಿನವನೊಬ್ಬ ಬೆಸ್ತರ ದನಿಯನ್ನು ಹಾಡಿನಲ್ಲಿ ಉಳಿಸಿಕೊಂಡ. ದಿನವೂ ಆ ದನಿ ಕಿವಿಗೆ ಬೀಳುತ್ತಿದ್ದ ನಾವು, ಅವನ ಹಾಡನ್ನು ಕೇಳುವುದಕ್ಕಾಗಿ ಕಿಟಕಿ ಮುಚ್ಚಿದೆವು.

ಇದು ರಾಕ್ ಸಂಗೀತದ ತಪ್ಪಲ್ಲ. ಅದನ್ನು ಪ್ರೀತಿಸಿದವರನ್ನು ದೂರುವ ಮಾತೂ ಅಲ್ಲ. ಆ ಸಂಗೀತ ಕಲಿಸುವ ಪಾಠವನ್ನು ನಾವು ಅರ್ಧಕ್ಕೇ ನಿಲ್ಲಿಸಿದ್ದೇವೆ ಎಂಬುದಷ್ಟೇ ಇಲ್ಲಿನ ವಾದ. ಕಡಲಾಚೆಯವರ ಹಾಡನ್ನು ಮನಸಾರೆ ಕೇಳಿ, ಆ ಕಿವಿಯನ್ನು ಆಮೇಲೆ ತಮ್ಮ ಓಣಿಯ ಕಡೆಗೆ ತಿರುಗಿಸಿದ್ದರಿಂದಲೇ ಲಿವರ್‌ಪೂಲಿನ, ಲಂಡನ್ನಿನ ಆ ಹುಡುಗರು ದೊಡ್ಡವರಾದರು. ನಮ್ಮ ರಸಿಕರಲ್ಲಿ ಅನೇಕರು ಈಗ ನಿವೃತ್ತರು. ಕಿವಿ ಪಳಗಿದೆ, ಬಿಡುವೂ ಇದೆ. ರಂಪಣಿ ಎಳೆದ ಕೈಗಳಲ್ಲಿ ಕೆಲವು ಇನ್ನೂ ಗಂಗೊಳ್ಳಿ, ಕೋಡಿ, ಮರವಂತೆಗಳಲ್ಲಿ ಉಳಿದಿವೆ. ಆ ಹಿರಿಯರ ಮುಂದೆ ಒಂದು ಧ್ವನಿಮುದ್ರಣ ಯಂತ್ರವನ್ನಿಟ್ಟು, “ಆಗ ಹೇಗೆ ಕೂಗ್ತಿದ್ರಿ, ಒಮ್ಮೆ ಹೇಳಿ” ಎಂದು ಕೇಳುವುದಕ್ಕೆ ದೊಡ್ಡ ಸಂಸ್ಥೆಯಾಗಲಿ ಅನುದಾನವಾಗಲಿ ಬೇಕಾಗಿಲ್ಲ. ಅದಕ್ಕೆ ಬೇಕಾದ ಯಂತ್ರ ಇಂದು ಎಲ್ಲರ ಜೇಬಿನಲ್ಲೂ ಇದೆ. ಮುಂದೆ ಎಂದಾದರೂ ಗಿಟಾರು ಹಿಡಿದ ಕುಂದಾಪುರದ ಹುಡುಗಿಯೊಬ್ಬಳು ತನ್ನ ಊರಿನ ಶ್ರುತಿಯನ್ನು ಹುಡುಕಿಕೊಂಡು ಬಂದರೆ, ಅವಳ ಕೈಗೆ ಕೊಡಲು ನಮ್ಮಲ್ಲಿ ಅಷ್ಟಾದರೂ ಇರಬೇಕು.